ಶಾರ್ಜಾ ಬಿಟ್ಟು ಬಂದೆ, ಮನೆಯಲ್ಲಿ ನನಗೆ ಕೆಲಸವೇ ಇಲ್ಲ

ಪ್ರಶ್ನೆ: ನನಗೆ 43 ವರ್ಷ. ಕುಂದಾಪುರ ಹತ್ತಿರದ ಹಳ್ಳಿ. 17 ವರ್ಷ ಶಾರ್ಜಾದಲ್ಲಿ ಎಸಿ ಟೆಕ್ನಿಷಿಯನ್ ಆಗಿದ್ದೆ. ಕಂಪನಿಯವರು ಜನ ಕಡಿಮೆ ಮಾಡಿದರು. ವೀಸಾ ಕ್ಯಾನ್ಸಲ್ ಆಗಿ ಊರಿಗೆ ಬಂದು ಎಂಟು ತಿಂಗಳಾಯಿತು. ಮಗಳು ಎಸ್ಸೆಸ್ಸೆಲ್ಸಿ, ಮಗ ಆರನೇ ಕ್ಲಾಸು. ಇಬ್ಬರೂ ಏನಿದ್ದರೂ ಅಮ್ಮನನ್ನೇ ಕೇಳುತ್ತಾರೆ. ನಾನು ಬಾಯಿ ತೆರೆದರೆ ಹೆಂಡತಿ ‘ನಿಮಗೆ ಗೊತ್ತಾಗುವುದಿಲ್ಲ, ಬಿಡಿ’ ಅನ್ನುತ್ತಾಳೆ. ಕಿಲೋಗೆ ಐದು ರೂಪಾಯಿ ಜಾಸ್ತಿ ಸಿಗುತ್ತದೆ ಅಂತ ಈ ಸಲ ಅಡಿಕೆಯನ್ನು ಬೇರೆ ವ್ಯಾಪಾರಿಗೆ ಕೊಟ್ಟೆ. ಅದಕ್ಕೆ ಒಂದು ವಾರ ಮಾತು ಬಿಟ್ಟಳು. ಉಡುಪಿಯ ಒಂದು ಎಸಿ ಅಂಗಡಿಯಲ್ಲಿ 22 ಸಾವಿರ ಸಂಬಳಕ್ಕೆ ಕರೆದಿದ್ದಾರೆ, ಮಾಲೀಕ ನನಗಿಂತ ಹತ್ತು ವರ್ಷ ಚಿಕ್ಕವನು. ಗೆಳೆಯನೊಬ್ಬ ಬೆಂಗಳೂರಿನಲ್ಲಿ ಹೋಟೆಲ್ ಮಾಡೋಣ, 15 ಲಕ್ಷ ಹಾಕು ಅನ್ನುತ್ತಾನೆ. ಭಾವ ಕತಾರಿನಲ್ಲಿ ವೀಸಾ ನೋಡಲಾ ಅಂತ ಕೇಳಿದ್ದಾರೆ. ಶುಗರ್ ಬೇರೆ ಶುರುವಾಗಿದೆ. ಮನೆಯಲ್ಲಿ ನೆಂಟನ ಹಾಗೆ ಇರುವುದಕ್ಕಿಂತ ವಾಪಸ್ ಹೋಗುವುದೇ ಮೇಲು ಅನಿಸುತ್ತಿದೆ. ಏನು ಮಾಡಲಿ?

ಉತ್ತರ: ಕತಾರ್ ಸದ್ಯಕ್ಕೆ ಬೇಡ. ದುಡಿಯಲೇಬೇಕು ಅಂತ ಹೋಗುವುದು ಬೇರೆ, ಮನೆಯವರ ಮೇಲೆ ಮುನಿಸಿಕೊಂಡು ಹೋಗುವುದು ಬೇರೆ. ಈಗ ಹೋದರೆ ಹತ್ತು ವರ್ಷ ಬಿಟ್ಟು ಮತ್ತೆ ಬರಲೇಬೇಕು. ಆಗ ಮಕ್ಕಳು ಕೆಲಸ, ಮದುವೆ ಅಂತ ಬೇರೆ ಊರಿನಲ್ಲಿರುತ್ತಾರೆ.

ಒಂದು ಲೆಕ್ಕ ಹಾಕಿ. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ ಅಂತ ಇಟ್ಟುಕೊಂಡರೂ, ಈ 17 ವರ್ಷದಲ್ಲಿ ನೀವು ಮನೆಯಲ್ಲಿ ಇದ್ದದ್ದು ಒಂದೂವರೆ ವರ್ಷವೂ ಆಗುವುದಿಲ್ಲ. ಅದೂ ಎಂಥ ದಿನಗಳು? ಸೂಟ್‌ಕೇಸ್ ಬಿಚ್ಚುವಾಗ ಮಕ್ಕಳು ಸುತ್ತ ಕೂರುವುದು, ಟ್ಯಾಂಗ್ ಡಬ್ಬ, ಆಕ್ಸ್ ಆಯಿಲ್, ಚಾಕಲೇಟು ಹಂಚುವುದು, ದಿನಾ ಕೋಳಿ, ಒಂದು ಸಲ ಕೊಲ್ಲೂರು, ಒಂದು ಸಲ ಮುರ್ಡೇಶ್ವರ. ಅಂಥ ದಿನಗಳಲ್ಲಿ ಯಾರೂ ಪಂಪ್ ಕೆಟ್ಟ ಸುದ್ದಿ ಎತ್ತುವುದಿಲ್ಲ. ನೀವು ವಿಮಾನ ಹತ್ತಿದ ಮೇಲೆ ಪಂಪು, ಮಗನ ಜ್ವರ, ಕಂದಾಯ, ಶಾಲೆಯ ಮೀಟಿಂಗು ಎಲ್ಲಾ ನಿಮ್ಮ ಹೆಂಡತಿಯದೇ. ಮಕ್ಕಳು ಅಮ್ಮನನ್ನು ಕೇಳುವುದು ನಿಮ್ಮ ಮೇಲೆ ಪ್ರೀತಿ ಇಲ್ಲದೆ ಅಲ್ಲ. ಉತ್ತರ ಅಲ್ಲೇ ಸಿಗುತ್ತದೆ ಅಂತ ಅವರಿಗೆ ರೂಢಿಯಾಗಿದೆ, ಅಷ್ಟೇ.

ಅಡಿಕೆ ವಿಷಯಕ್ಕೆ ಬರೋಣ. ಆ ಹಳೇ ವ್ಯಾಪಾರಿಯನ್ನು ನಿಮ್ಮ ಹೆಂಡತಿ ಯಾಕೆ ಇಟ್ಟುಕೊಂಡಿದ್ದರು ಅಂತ ಕೇಳಿದಿರಾ? ಪತ್ರದಲ್ಲಿ ಅದೊಂದು ಇಲ್ಲ. ನನ್ನ ಅಂದಾಜು ಹೇಳುತ್ತೇನೆ. ಜೂನ್‌ನಲ್ಲಿ ಶಾಲೆ ಫೀಸು, ಪುಸ್ತಕ, ಕೊಡೆ ಎಲ್ಲಾ ಒಟ್ಟಿಗೆ ಬರುತ್ತವೆ. ನಿಮ್ಮ ಹಣ ಬರುವುದು ತಡವಾದ ತಿಂಗಳು, ಬರುವ ಬೆಳೆಯ ಮೇಲೆ ಮಾತಿಲ್ಲದೆ ಮುಂಗಡ ಕೊಟ್ಟವನು ಆತನೇ ಇರಬಹುದು. ಹಾಗಿದ್ದರೆ ಐದು ರೂಪಾಯಿ ಲಾಭಕ್ಕೆ ನೀವು ಕಳಕೊಂಡದ್ದು ಅವರು ವರ್ಷಗಟ್ಟಲೆ ಉಳಿಸಿಕೊಂಡ ನಂಬಿಕೆಯನ್ನು. ಹಾಗಲ್ಲದೆಯೂ ಇರಬಹುದು, ಕೇಳಿ ನೋಡಿ. ಜಗಳದ ದನಿಯಲ್ಲಿ ಬೇಡ ಮಾರಾಯ್ರೇ. ನಿಜವಾಗಿ ಗೊತ್ತಿಲ್ಲದವರು ಕೇಳಿದ ಹಾಗೆ ಕೇಳಿ.

ಯಜಮಾನಿಕೆ ಈಗಲೇ ಬೇಡ. ಅದರ ಬದಲು ಮನೆಯ ಒಂದು ಕೆಲಸ ಕೇಳಿ ತೆಗೆದುಕೊಳ್ಳಿ. ಬೆಳಿಗ್ಗೆ ಮಗನನ್ನು ಎಬ್ಬಿಸಿ ಬಸ್ಸು ಹತ್ತಿಸುವುದು, ಇಲ್ಲವೇ ಮಗಳನ್ನು ಸಂಜೆ ಟ್ಯೂಷನ್‌ನಿಂದ ಕರೆತರುವುದು. ಬೈಕಿನಲ್ಲಿ ಅವಳ ಹತ್ತಿರ ಮಾರ್ಕ್ಸ್ ವಿಚಾರ ಎತ್ತಬೇಡಿ. ಮಾತಾಡದೆ ಬಂದರೂ ಪರವಾಗಿಲ್ಲ. ಎರಡು ತಿಂಗಳು ಒಂದು ದಿನವೂ ತಪ್ಪಿಸದೆ ಅದನ್ನು ಮಾಡಿ, ಅದೂ ಹೆಂಡತಿ ಮಾಡುತ್ತಿದ್ದ ರೀತಿಯಲ್ಲೇ. ನಿಮ್ಮ ಸುಧಾರಣೆ ಆಮೇಲೆ.

ಇದರಲ್ಲಿ ನಿಮ್ಮ ಕಷ್ಟ ಸಣ್ಣದು ಅಂತ ಹೇಳುತ್ತಿಲ್ಲ. ನೀವು ಅಲ್ಲಿ ಹೇಗಿದ್ದಿರಿ ಅಂತ ನಿಮ್ಮ ಹೆಂಡತಿಗೆ ಗೊತ್ತಾ? ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸಬಾರದು ಅಂತ ಯುಎಇ ಸರ್ಕಾರವೇ ನಿಯಮ ಮಾಡಿದೆ. ಅಂಥ ಬಿಸಿಲಿನ ದೇಶದಲ್ಲಿ ಟೆರೇಸಿನ ಮೇಲೆ ಔಟ್‌ಡೋರ್ ಯುನಿಟ್ ಬಿಚ್ಚಿದವರು ನೀವು. ಫೋನಿನಲ್ಲಿ ‘ಆರಾಮಿದ್ದೇನೆ’ ಅಂತಲೇ ಹೇಳಿರುತ್ತೀರಿ, ಅಲ್ವಾ? ಅವರೂ ಆ ಕಡೆಯಿಂದ ‘ಎಲ್ಲಾ ಆರಾಮು’ ಅಂದಿರುತ್ತಾರೆ. ಈಗ ಇಬ್ಬರೂ ನಿಜ ಹೇಳಿಕೊಳ್ಳಬಹುದು.

ಉಡುಪಿಯ ಕೆಲಸ ಹಿಡಿಯಿರಿ. ಮಾಲೀಕನ ವಯಸ್ಸು ನೋಡಬೇಡಿ. 22 ಸಾವಿರ ಕಡಿಮೆಯೇ, ಆದರೆ ಇಲ್ಲಿಯ ಗಿರಾಕಿ, ಇಲ್ಲಿಯ ಕರೆಂಟು, ಬಿಡಿಭಾಗ ಸಿಗುವ ಅಂಗಡಿ, ಬಾಕಿ ವಸೂಲಿ ಎಲ್ಲಾ ನಿಮಗೆ ಹೊಸತು. ಮಾರ್ಚ್, ಏಪ್ರಿಲ್‌ನಲ್ಲಿ ಕೈತುಂಬ ಕೆಲಸ ಇರುತ್ತದೆ, ಮಳೆ ಹಿಡಿದ ಮೇಲೆ ಇಳಿಯುತ್ತದೆ. ಆ ಏರಿಳಿತವನ್ನು ಒಂದು ವರ್ಷ ಬೇರೆಯವರ ದುಡ್ಡಿನಲ್ಲಿ ನೋಡಿ. ಆಮೇಲೆ ಸ್ವಂತ ಅಂಗಡಿ ಯೋಚಿಸಬಹುದು. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯ ಶಾಖೆ ಬ್ರಹ್ಮಾವರದಲ್ಲೇ ಇದೆ. ಸ್ವಂತ ಉದ್ಯೋಗ ಮಾಡುವವರಿಗೆ ಊಟ, ವಸತಿ ಸಹಿತ ಉಚಿತ ತರಬೇತಿ ಕೊಡುತ್ತಾರೆ. ರಿಪೇರಿ ನಿಮಗೆ ಬರುತ್ತದೆ. ಲೆಕ್ಕ ಬರೆಯುವುದು, ಬ್ಯಾಂಕಿಗೆ ಕಾಗದ ಕೊಡುವುದು ಅಲ್ಲಿ ಕಲಿಯಬಹುದು. ವಯಸ್ಸಿನ ಮಿತಿ ಇರುತ್ತದೆ, ತಡಮಾಡದೆ ವಿಚಾರಿಸಿ.

ಹೋಟೆಲಿಗೆ ದುಡ್ಡು ಹಾಕಬೇಡಿ. ಗೆಳೆಯ ಒಳ್ಳೆಯವನೇ ಇರಬಹುದು, ಆದರೆ ನೀವು ಗಲ್ಲಾದಲ್ಲಿ ಕೂರದ ಹೋಟೆಲ್ ನಿಮ್ಮದಲ್ಲ. ಕೆಲಸ ಬಿಡುವಾಗ ಕಂಪನಿ ಕೊಡುವ ಸರ್ವೀಸ್ ಹಣವನ್ನೇ ನೋಡಿ. ಯುಎಇ ಕಾನೂನಿನಲ್ಲಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ, ಆಮೇಲೆ ವರ್ಷಕ್ಕೆ 30 ದಿನದ ಮೂಲ ಸಂಬಳ. 17 ವರ್ಷಕ್ಕೆ ಹದಿನೈದು ತಿಂಗಳ ಮೂಲ ಸಂಬಳಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಪಿಂಚಣಿ ಇಲ್ಲ. ಇದು ಮಗಳ ಓದಿನ ಹಣ. ಸಾಲ ಕೇಳಿ ಬರುವ ನೆಂಟರಿಗೂ ಇದೇ ಉತ್ತರ ಸಾಕು.

ಬ್ಯಾಂಕಿಗೆ ಹೋಗಿ ‘ಖಾಯಂ ವಾಪಸ್ ಬಂದಿದ್ದೇನೆ’ ಅಂತ ಬರೆದುಕೊಡಿ. ಎನ್‌ಆರ್‌ಇ ಖಾತೆಯನ್ನು (ವಿದೇಶದಲ್ಲಿ ಇರುವವರಿಗೆಂದೇ ಇರುವ ಖಾತೆ) ಹಾಗೇ ನಡೆಸುವಂತಿಲ್ಲ. ಇರುವ ಎಫ್‌ಡಿ ಅವಧಿ ಮುಗಿಯುವ ತನಕ ಅದೇ ಬಡ್ಡಿಗೆ ಮುಂದುವರಿಯಬಹುದು, ಆದರೆ ಆ ಬಡ್ಡಿಗೆ ಇನ್ನು ತೆರಿಗೆ ವಿನಾಯಿತಿ ಇರುವುದಿಲ್ಲ. ಒಬ್ಬ ಆಡಿಟರ್ ಹತ್ತಿರ ಕೂತು ಎಲ್ಲಾ ಕಾಗದ ತೋರಿಸಿ. ಹೆಂಡತಿಯನ್ನೂ ಕರೆದುಕೊಂಡು ಹೋಗಿ.

ಕೊನೆಗೆ ಶುಗರ್. ಕಂಪನಿಯ ಇನ್ಶೂರೆನ್ಸ್ ಮುಗಿದಿದೆ, ಎಂಟು ತಿಂಗಳಿಂದ ನಿಮಗೆ ಯಾವ ಆಸರೆಯೂ ಇಲ್ಲ. ನಾಲ್ವರಿಗೂ ಸೇರಿಸಿ ಆರೋಗ್ಯ ವಿಮೆ ಮಾಡಿಸಿ. ಶುಗರ್ ಇರುವುದನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ, ಆಮೇಲೆ ಕ್ಲೇಮು ತಿರಸ್ಕರಿಸಲು ಅದೇ ನೆಪವಾಗುತ್ತದೆ. ಮೊದಲೇ ಇದ್ದ ಕಾಯಿಲೆಯ ಖರ್ಚು ಕೊಡಲು ವಿಮಾ ಕಂಪನಿ ಮೂರು ವರ್ಷದವರೆಗೂ ಕಾಯಿಸಬಹುದು, ಅದಕ್ಕಿಂತ ಜಾಸ್ತಿ ಕಾಯಿಸುವಂತಿಲ್ಲ. ಆ ಮೂರು ವರ್ಷ ಪಾಲಿಸಿ ಮಾಡಿಸಿದ ದಿನದಿಂದ ಶುರು. ಈ ತಿಂಗಳೇ ಮಾಡಿಸಿ.