ಹಿಂದಿ ಸಿನಿಮಾ ಈಗಷ್ಟೇ ನೋಡೋಕೆ ಶುರು ಮಾಡಿದೀನಿ, ಲೈಟಾಗಿರೋ ಲವ್ ಕಾಮಿಡಿ ಯಾವುದ್ರಿಂದ ಶುರು ಮಾಡ್ಲಿ?

ಕಣ್ಣು ಮುಚ್ಕೊಂಡು 'ಜಬ್ ವಿ ಮೆಟ್' ಹಾಕ್ಕೊಳಿ. 2007ರದ್ದು, ಇಮ್ತಿಯಾಜ್ ಅಲಿ ಡೈರೆಕ್ಷನ್, ಶಾಹಿದ್ ಕಪೂರ್ ಮತ್ತೆ ಕರೀನಾ ಕಪೂರ್.

ಕಥೆ ಅಂತ ಹೇಳೋಕೆ ಹೋದ್ರೆ ಒಂದೇ ಲೈನು, ಬದುಕೇ ಬೇಜಾರಾಗಿ ಸುಮ್ನೆ ಯಾವುದೋ ಟ್ರೈನ್ ಹತ್ತಿದ ಹುಡುಗ, ಬಾಯಿ ಮುಚ್ಚದೇ ವಟವಟ ಅನ್ನೋ ಪಂಜಾಬಿನ ಭಟಿಂಡಾ ಹುಡುಗಿ ಗೀತ್, ಇಬ್ರೂ ಸೇರಿ ಟ್ರೈನ್ ಮಿಸ್ ಮಾಡ್ಕೊಳ್ತಾರೆ ಅಷ್ಟೆ. ಆದ್ರೆ ಆ ರತ್ಲಾಮ್ ಸ್ಟೇಷನ್ ಸೀನ್ ಇದ್ಯಲ್ಲ, ಟ್ರೈನ್ ಹೊರಡ್ತಿದ್ರೂ ಗೀತ್ ನೀರಿನ ಬಾಟಲ್ ರೇಟಿಗೆ ಜಗಳಕ್ಕೆ ನಿಲ್ಲೋದು, ಆಮೇಲೆ ಆ ಸ್ಟೇಷನ್ ಮಾಸ್ಟರ್ ಉಪದೇಶ, ಅಲ್ಲಿ ನಗು ಬರ್ಲಿಲ್ಲ ಅಂದ್ರೆ ಈ ಜಾನರ್ರೇ ನಿಮಗೆ ಸೆಟ್ ಆಗಲ್ಲ ಅನ್ಕೊಳಿ (ತಮಾಷೆಗೆ ಹೇಳಿದ್ದು, ಬೈಬೇಡಿ).

ಹೊಸಬ್ರಿಗೆ ಒಂದು ಕಷ್ಟ ಅಂದ್ರೆ ಮಧ್ಯೆ ಮಧ್ಯೆ ಪಂಜಾಬಿ ನುಗ್ಗುತ್ತೆ, ಸಬ್‌ಟೈಟಲ್ ಆನ್ ಇರ್ಲಿ. ಇನ್ನೊಂದು, ಹಾಡು ಬಂತು ಅಂತ ಫಾರ್ವರ್ಡ್ ಮಾಡ್ಬೇಡಿ, ಇಲ್ಲಿ ಪ್ರಯಾಣ ಮುಂದೆ ಸಾಗೋದೇ ಹಾಡಲ್ಲಿ. 'ಯೇ ಇಷ್ಕ್ ಹಾಯೇ'ಗೆ ಶ್ರೇಯಾ ಘೋಷಾಲ್‌ಗೆ ನ್ಯಾಷನಲ್ ಅವಾರ್ಡ್ ಬಂತು, ಅದೇ ನಮ್ಮ ಕನ್ನಡದಲ್ಲೂ ಅಷ್ಟೊಂದು ಹಾಡಿರೋ ಶ್ರೇಯಾನೇ, ಹಾಗಾಗಿ ದನಿಯಾದ್ರೂ ಪರಿಚಯದ್ದು ಅನ್ಸುತ್ತೆ.

ಸೆಕೆಂಡ್ ಹಾಫಲ್ಲಿ ಗೀತ್ ಮಂಕಾಗ್ತಾಳೆ, ಕಾಮಿಡಿ ಸ್ವಲ್ಪ ಇಳಿಯುತ್ತೆ, ನಂಗೂ ಮೊದಲ ಸಲ ಬೋರ್ ಹೊಡೀತು, ಎರಡನೇ ಸಲ ನೋಡಿದಾಗ ಕರೀನಾ ನಿಜವಾಗ್ಲೂ ಆಕ್ಟ್ ಮಾಡಿರೋದು ಅಲ್ಲೇ ಅನ್ಸ್ತು. ಕ್ಲೈಮ್ಯಾಕ್ಸ್ ಏನಾಗುತ್ತೆ ಅಂತ ನಿಮಗೆ ಅರ್ಧ ಗಂಟೇಲೇ ಗೊತ್ತಾಗುತ್ತೆ, ಪರ್ವಾಗಿಲ್ಲ, ನೋಡಿ.