ಕೆಲಸ ಬಿಡಬೇಡಿ, ಕೀಲಿ ಕೇಳಿ

ಹಾವೇರಿ ಜಿಲ್ಲೆಯ ಖಾಸಗಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ 36 ವರ್ಷದ ಶಿಕ್ಷಕಿಯೊಬ್ಬರು ಬರೆದ ಪತ್ರ ಈ ವಾರ ನನ್ನನ್ನು ಬೇರೆ ಯಾವ ಪತ್ರದ ಕಡೆಗೂ ಹೋಗಗೊಡಲಿಲ್ಲ. ಅವರಿಗೆ ಮೂರು ವರ್ಷಗಳಿಂದ ಕೆಳಹೊಟ್ಟೆಯ ನೋವಿದೆ. ಮೂತ್ರಕೋಶ ತುಂಬುತ್ತ ಬಂದಂತೆ ಅದು ಏರುತ್ತದೆ, ಹೋಗಿಬಂದ ಮೇಲೆ ಸ್ವಲ್ಪ ಹೊತ್ತು ಇಳಿಯುತ್ತದೆ. ರಜೆಯ ದಿನ ಮನೆಯಲ್ಲಿದ್ದರೆ ಹಗಲಿನಲ್ಲಿ 15 ಬಾರಿಯಾದರೂ ಹೋಗಬೇಕು, ರಾತ್ರಿ 4 ಬಾರಿ ಏಳಬೇಕು. ಸೋಂಕು ಇರಬಹುದೆಂದು ಆ್ಯಂಟಿಬಯೋಟಿಕ್ ಮಾತ್ರೆಗಳನ್ನು ಮತ್ತೆ ಮತ್ತೆ ನುಂಗಿದ್ದಾಯಿತು. ಯೂರಿನ್ ಕಲ್ಚರ್ ವರದಿಗಳಲ್ಲಿ ಮಾತ್ರ ಒಮ್ಮೆಯೂ ರೋಗಾಣು ಕಾಣಲಿಲ್ಲ. ಕೊನೆಗೆ ಹುಬ್ಬಳ್ಳಿಯ ಮೂತ್ರರೋಗ ತಜ್ಞರು ಸಿಸ್ಟೋಸ್ಕೋಪಿ (ಸಣ್ಣ ಕೊಳವೆಯ ಮೂಲಕ ಮೂತ್ರಕೋಶದ ಒಳಗನ್ನು ನೋಡುವ ಪರೀಕ್ಷೆ) ಮಾಡಿ, ಇದು ಇಂಟರ್‌ಸ್ಟಿಷಿಯಲ್ ಸಿಸ್ಟೈಟಿಸ್, ಅಂದರೆ ಸೋಂಕಿಲ್ಲದೆಯೂ ಮೂತ್ರಕೋಶ ಬಹುಕಾಲ ಕೆರಳಿ ನೋಯುವ ಕಾಯಿಲೆ, ಎಂದು ಹೇಳಿದರು. ಕೆಲಸ ಬಿಟ್ಟು ಮನೆಯಲ್ಲಿರು ಎಂದು ಪತಿ ಹೇಳುತ್ತಿದ್ದಾರೆ. ಮೈಯಲ್ಲಿ ಉಷ್ಣವಾಗಿದೆ ಎಂದು ಅತ್ತೆಯವರು ದಿನಾಲೂ ನಿಂಬೆಹಣ್ಣಿನ ಪಾನಕ ಮಾಡಿಕೊಡುತ್ತಿದ್ದಾರೆ. ಹನ್ನೊಂದು ವರ್ಷಗಳಿಂದ ಮಾಡುತ್ತಿರುವ ಕೆಲಸಕ್ಕೆ ರಾಜೀನಾಮೆ ಕೊಡಬೇಕೇ ಎಂದು ಅವರು ಕೇಳಿದ್ದಾರೆ.

ಕೊಡಬೇಡಿ. ನಿಮ್ಮ ಪತ್ರದ ಮೂರನೆಯ ಪುಟದಲ್ಲಿ, ಬಸ್ಸಿನ ಪ್ರಯಾಣದ ಕಷ್ಟ ಹೇಳುವ ನಡುವೆ, ನೀವು ಹೀಗೆ ಬರೆದಿದ್ದೀರಿ: 'ಶಿಕ್ಷಕಿಯರ ಶೌಚಾಲಯದ ಕೀಲಿ ಮುಖ್ಯೋಪಾಧ್ಯಾಯರ ಮೇಜಿನಲ್ಲಿರುತ್ತದೆ, ಪ್ರತಿ ಸಲ ಅವರನ್ನೇ ಕೇಳಬೇಕು. ಅದಕ್ಕೇ ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ನೀರು ಕುಡಿಯುವುದನ್ನು ಬಿಟ್ಟಿದ್ದೇನೆ. ಈಗ ಅಭ್ಯಾಸವಾಗಿದೆ, ಅದೇನೂ ದೊಡ್ಡ ತೊಂದರೆಯಲ್ಲ.' ಪತಿಯ ಮಾತಿಗೆ ಒಂದೂವರೆ ಪುಟ ಕೊಟ್ಟ ನೀವು ಇದಕ್ಕೆ ನಾಲ್ಕೇ ಸಾಲು ಕೊಟ್ಟಿದ್ದೀರಿ. ನನಗೆ ಇದಕ್ಕಿಂತ ದೊಡ್ಡ ತೊಂದರೆ ನಿಮ್ಮ ಪತ್ರದಲ್ಲಿ ಬೇರೊಂದು ಕಾಣಲಿಲ್ಲ. ನೀರು ಕುಡಿಯದಿದ್ದರೆ ಮೂತ್ರ ಗಾಢವಾಗುತ್ತದೆ, ಗಾಢವಾದ ಮೂತ್ರ ಮೊದಲೇ ಕೆರಳಿರುವ ಮೂತ್ರಕೋಶದ ಒಳಗೋಡೆಯನ್ನು ಹಸಿ ಗಾಯಕ್ಕೆ ಉಪ್ಪುನೀರು ಸೋಕಿದಂತೆ ಇನ್ನಷ್ಟು ಕೆರಳಿಸುತ್ತದೆ, ಹೋಗಬೇಕೆಂಬ ಅವಸರವೂ ಹೆಚ್ಚುತ್ತದೆ. ತಜ್ಞರು ಕೊಟ್ಟ ಮಾತ್ರೆ ನಾಟುತ್ತಿಲ್ಲ ಎಂದು ಬರೆದಿದ್ದೀರಿ. ದಿನಕ್ಕೆ ಒಂಬತ್ತು ಗಂಟೆ ನೀರಿಲ್ಲದೆ ಮೂತ್ರಕೋಶ ಕೆರಳುತ್ತಲೇ ಇದ್ದರೆ ಮಾತ್ರೆಯ ಗುಣ ಕಾಣುವುದು ಕಷ್ಟವಾಗಬಹುದು. ನೀರಿನ ವಿಷಯವನ್ನು ಅವರಿಗೆ ಹೇಳಿದ್ದೀರಾ?

ಆ ಮುಖ್ಯೋಪಾಧ್ಯಾಯರ ಮೇಲೆ ನನಗೆ ತಡೆಯಲಾರದ ಸಿಟ್ಟು ಬಂದಿದೆ. ಕೀಲಿ ಕೇಳಲು ಹೋದಾಗ ಎಲ್ಲರೆದುರು 'ಮತ್ತೆ ಹೊರಟಿರಾ ಮೇಡಂ?' ಎಂದು ಅವರು ಕೇಳುತ್ತಾರೆಂದೂ, ಅದು ತಮಾಷೆಗೆ ಇರಬಹುದೆಂದೂ ಬರೆದಿದ್ದೀರಿ. ಅದನ್ನು ತಮಾಷೆಯೆಂದು ಒಪ್ಪಲು ನಾನು ಸಿದ್ಧನಿಲ್ಲ. ದೇಹದ ಅಗತ್ಯಕ್ಕೆ ಹೆಣ್ಣುಮಕ್ಕಳು ಯಾರ ಅಪ್ಪಣೆಯನ್ನೂ ಬೇಡುವಂತಿರಬಾರದು ಎಂದು ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ. 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆಯ 19ನೆಯ ಸೆಕ್ಷನ್, ಕಾರ್ಮಿಕರು ಕಾರ್ಖಾನೆಯಲ್ಲಿರುವಷ್ಟು ಹೊತ್ತೂ ಶೌಚಾಲಯ ಅವರಿಗೆ ಸಿಗುವಂತಿರಬೇಕು ಎನ್ನುತ್ತಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಪ್ರತ್ಯೇಕ ಶೌಚಾಲಯ ಇರಬೇಕೆನ್ನುತ್ತದೆ. ಕಾರ್ಖಾನೆಯ ಕಾರ್ಮಿಕರಿಗೂ ಶಾಲೆಯ ಮಗುವಿಗೂ ಸಲ್ಲುವುದು ಆ ಮಗುವಿಗೆ ಪಾಠ ಹೇಳುವವರಿಗೆ ಸಲ್ಲಬಾರದೆಂದು ಯಾವ ಮುಖ್ಯೋಪಾಧ್ಯಾಯರು ವಾದಿಸಿಯಾರು?

ನಿಮ್ಮ ಪತಿಯವರು ಕೆಟ್ಟವರಲ್ಲ, ಖರ್ಚಿಗೆ ಹಿಂದೆಮುಂದೆ ನೋಡಿಲ್ಲ. ಆದರೆ ಹೆಂಡತಿಗೆ ಕಾಯಿಲೆ ಬಂದ ಕೂಡಲೇ ಅವಳ ಸಂಬಳವನ್ನು ನಿಲ್ಲಿಸುವುದೇ ಪರಿಹಾರವೆಂದು ತೋರುವುದು ನಮ್ಮ ಮನೆಗಳಲ್ಲಿ ಬಹಳ ಹಳೆಯ ಚಾಳಿ. ರಾತ್ರಿ ನಾಲ್ಕು ಬಾರಿ ಏಳಿಸುವ ರೋಗ ರಾಜೀನಾಮೆ ಪತ್ರ ಓದಿ ಹೊರಡುವುದಿಲ್ಲ. ಮುಂದಿನ ಬಾರಿ ಅವರು ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕೂರದೆ ನಿಮ್ಮ ಜೊತೆ ವೈದ್ಯರ ಕೊಠಡಿಯ ಒಳಗೆ ಬರಲಿ.

ಅತ್ತೆಯವರ ವಿಷಯದಲ್ಲಿ ನನ್ನ ಮನಸ್ಸು ಮೆತ್ತಗಾಗುತ್ತದೆ. ಮನೆಯಲ್ಲಿ ನಿಮ್ಮ ನೋವಿಗೆ ಕೈಯಾರೆ ಏನನ್ನಾದರೂ ಮಾಡುತ್ತಿರುವವರು ಅವರೊಬ್ಬರೇ, ಆದರೆ ಮಾಡುತ್ತಿರುವುದು ನಿಂಬೆಯ ಪಾನಕ. ನಿಂಬೆ, ಕಿತ್ತಳೆ, ಟೊಮೆಟೊ, ಕಾಫಿ, ಚಹಾ, ಖಾರ ಇವು ಈ ಕಾಯಿಲೆಯ ಹಲವರಲ್ಲಿ ನೋವನ್ನು ಕೆರಳಿಸುತ್ತವೆ. ಎಲ್ಲರಿಗೂ ಎಲ್ಲವೂ ಆಗದೆಂದಲ್ಲ, ಒಬ್ಬೊಬ್ಬರಿಗೆ ಒಂದೊಂದು. ಕೆಲವು ವಾರ ಇವನ್ನು ಬಿಟ್ಟು, ಬಳಿಕ ಒಂದೊಂದನ್ನೇ ಮತ್ತೆ ಸೇರಿಸುತ್ತ ಹೋದರೆ ನಿಮಗಾಗದ್ದು ಯಾವುದೆಂದು ತಿಳಿಯುತ್ತದೆ. ಬ್ಯಾಡಗಿಯ ಜಿಲ್ಲೆಯಲ್ಲಿರುವವರಿಗೆ ಖಾರ ಬಿಡಿ ಎನ್ನುವುದು ಸುಲಭದ ಮಾತಲ್ಲವೆಂದು ಬಲ್ಲೆ. ಪಾನಕದ ಬದಲು ಬರೀ ನೀರು ಕೊಡಿ ಎಂದು ಅತ್ತೆಯವರಿಗೆ ನೀವೇ ಕೂತು ಹೇಳಿ, ಕಾರಣವನ್ನೂ ಹೇಳಿ.

ತಜ್ಞರನ್ನು ಕೇಳಬೇಕಾದದ್ದು ಇನ್ನೂ ಇದೆ. ಈ ಕಾಯಿಲೆಯ ಕೆಲವರ ಮೂತ್ರಕೋಶದಲ್ಲಿ ಕಾಣುವ ಒಂದು ಬಗೆಯ ಹುಣ್ಣನ್ನು ಗೈ ಹನ್ನರ್ ಎಂಬ ಅಮೆರಿಕದ ವೈದ್ಯರು 1915ರಲ್ಲೇ ವಿವರಿಸಿದ್ದರು. ಸಿಸ್ಟೋಸ್ಕೋಪಿಯಲ್ಲಿ ನಿಮಗೆ ಅದು ಕಂಡಿತ್ತೇ ಎಂದು ಕೇಳಿ, ಏಕೆಂದರೆ ಇದ್ದರೆ ಚಿಕಿತ್ಸೆಯ ದಾರಿ ಬೇರೆಯಾಗುತ್ತದೆ. ನಮ್ಮ ದೇಶದಲ್ಲಿ ಮೂತ್ರಾಂಗದ ಕ್ಷಯವೂ ಸಾಮಾನ್ಯ ಕಲ್ಚರ್‌ನಲ್ಲಿ ಸಿಕ್ಕಿಬೀಳುವುದಿಲ್ಲ, ಆ ಪರೀಕ್ಷೆ ಆಗಿದೆಯೇ ಎಂಬುದನ್ನೂ ತಿಳಿದುಕೊಳ್ಳಿ. ಗೆಳತಿಯೊಬ್ಬರು ಮೊಬೈಲಿನಲ್ಲಿ ನೋಡಿ ಹೇಳಿಕೊಟ್ಟ, ಕಟಿಯ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ಕೆಗೆಲ್ ವ್ಯಾಯಾಮವನ್ನು ನಿಲ್ಲಿಸಿ. ಈ ನೋವಿರುವವರಲ್ಲಿ ಕಟಿಯ ಸ್ನಾಯುಗಳು ಎಷ್ಟೋ ಬಾರಿ ಬಿಗಿದುಕೊಂಡೇ ಇರುತ್ತವೆ, ಅವಕ್ಕೆ ಬೇಕಾದದ್ದು ಬಿಗಿತವನ್ನು ಸಡಿಲಿಸುವ ಫಿಸಿಯೋಥೆರಪಿ. ಮೂರು ದಿನ ಎಷ್ಟು ಹೊತ್ತಿಗೆ ಹೋದಿರಿ, ಎಷ್ಟು ಮಿಲಿಲೀಟರ್ ಬಂತು, ಎಷ್ಟು ಕುಡಿದಿರಿ ಎಂದು ಅಳತೆಯ ಲೋಟವಿಟ್ಟು ಬರೆದುಕೊಂಡು ಹೋದರೆ ವೈದ್ಯರಿಗೆ ಬಾಯಿಮಾತಿಗಿಂತ ಹೆಚ್ಚು ತಿಳಿಯುತ್ತದೆ. ಮೂತ್ರದಲ್ಲಿ ರಕ್ತ ಕಂಡರೆ ಅಥವಾ ಚಳಿಜ್ವರ ಬಂದರೆ ಒಂದು ದಿನವೂ ಕಾಯಬೇಡಿ.

ಇವೆಲ್ಲ ಆಗಲು ತಿಂಗಳುಗಳು ಬೇಕು. ಸೋಮವಾರ ಮಾಡಬೇಕಾದದ್ದು ಒಂದೇ. ತಜ್ಞರಿಂದ ಎರಡು ಸಾಲಿನ ಪ್ರಮಾಣಪತ್ರ ಪಡೆದು, ಅದನ್ನು ಲಗತ್ತಿಸಿ ಮುಖ್ಯೋಪಾಧ್ಯಾಯರಿಗೆ ಅರ್ಜಿ ಬರೆಯಿರಿ: ವೈದ್ಯಕೀಯ ಕಾರಣದಿಂದ ಶಿಕ್ಷಕಿಯರ ಶೌಚಾಲಯದ ಒಂದು ಕೀಲಿ ಶಾಲಾ ಅವಧಿಯಲ್ಲಿ ನನ್ನ ಬಳಿಯೇ ಇರತಕ್ಕದ್ದು. ರೋಗದ ವಿವರ ಬರೆಯುವ ಅಗತ್ಯವಿಲ್ಲ, ಕ್ಷಮೆ ಕೇಳುವ ಮಾತೂ ಬೇಡ. ಉಳಿದ ಶಿಕ್ಷಕಿಯರೂ ಸಹಿ ಹಾಕುವುದಾದರೆ ಹಾಕಿಸಿಕೊಳ್ಳಿ. ನೀರು ಬಿಟ್ಟವರು ನೀವೊಬ್ಬರೇ ಇರಲಾರಿರಿ. ಪ್ರತಿಯನ್ನು ಆಡಳಿತ ಮಂಡಳಿಯ ಕಾರ್ಯದರ್ಶಿಗೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ತಾರೀಖು ಸಹಿತ ಸ್ವೀಕೃತಿ ಹಾಕಿಸಿಕೊಂಡು ಮನೆಯಲ್ಲಿ ಕಾದಿಡಿ.