ಮಡಿಕೇರಿಯ ದೂರದರ್ಶಕಕ್ಕೆ ಸಿಗದ ಯುನೋಮಿಯಾ

ನಾಲ್ಕು ಇಂಚಿನ ದೂರದರ್ಶಕದಲ್ಲಿ ಮೂರು ರಾತ್ರಿ ಹುಡುಕಿದರೂ ಯುನೋಮಿಯಾ ಎಂಬ ಕ್ಷುದ್ರಗ್ರಹ ಸಿಗಲಿಲ್ಲ ಎಂದಿದ್ದೀರಿ. ಬಹುಶಃ ಅದು ನಿಮ್ಮ ಕಣ್ಣಿಗೆ ಬಿದ್ದಿದೆ, ಗುರುತು ಸಿಕ್ಕಿಲ್ಲ. ಎಷ್ಟು ವರ್ಧಿಸಿದರೂ ಕ್ಷುದ್ರಗ್ರಹ ತಟ್ಟೆಯಾಗಿ ಕಾಣದು; ನಕ್ಷತ್ರದಂಥದ್ದೇ ಚುಕ್ಕೆ. ಅದರ ಗುಟ್ಟು ಬಿಟ್ಟುಕೊಡುವುದು ಚಲನೆ ಮಾತ್ರ.

ಮೊದಲು ಆಕಾಶದ ನಕ್ಷೆ ತೋರಿಸುವ ಸ್ಟೆಲ್ಲೇರಿಯಂ ತಂತ್ರಾಂಶದಲ್ಲಿ ಅದರ ಕಕ್ಷೆಯ ದತ್ತಾಂಶವನ್ನು ನವೀಕರಿಸಿ. ಹಳೆಯದಾದರೆ ತಪ್ಪು ಜಾಗ ತೋರಿಸುತ್ತದೆ. ಕಾಂತಿಮಾನ (ಹೊಳಪಿನ ಅಳತೆ; ಸಂಖ್ಯೆ ಹೆಚ್ಚಿದಷ್ಟೂ ಮಂಕು) 10 ದಾಟಿದ್ದರೆ ಪೇಟೆಯ ಬೆಳಕಿನಲ್ಲಿ ಕಷ್ಟ, ತೋಟಕ್ಕೆ ಹೋಗಿ. ಅಲ್ಲಿಯೂ ಸಿಲ್ವರ್ ಓಕ್ ಮರಗಳು ಆಕಾಶವನ್ನು ಮುಚ್ಚುತ್ತವೆ, ಆದ್ದರಿಂದ ಕಾಫಿ ಕಣದ ನಡುವೆ ದೀಪ ಆರಿಸಿ ನಿಲ್ಲಿ. ಇಪ್ಪತ್ತು ನಿಮಿಷ ಕಣ್ಣು ಕತ್ತಲಿಗೆ ಒಗ್ಗಲಿ.

ಕಡಿಮೆ ವರ್ಧನೆಯಲ್ಲಿ ಕಾಣುವ ಪ್ರತಿಯೊಂದು ಚುಕ್ಕೆಯನ್ನೂ ಪೆನ್ಸಿಲ್‌ನಲ್ಲಿ ಗುರುತಿಸಿ, ಮರುರಾತ್ರಿ ಅದೇ ಹೊತ್ತಿಗೆ ಹೋಲಿಸಿ. ಸೂರ್ಯನಿಗೆ ಎದುರು ದಿಕ್ಕಿನಲ್ಲಿರುವಾಗ ಇಂಥ ಕ್ಷುದ್ರಗ್ರಹ ದಿನಕ್ಕೆ ಸುಮಾರು ಕಾಲು ಡಿಗ್ರಿ, ಎಂದರೆ ಹುಣ್ಣಿಮೆ ಚಂದ್ರನ ಅರ್ಧ ಅಗಲದಷ್ಟು, ಸರಿಯುತ್ತದೆ. ನಾನು ವೆಸ್ಟಾ ಎಂಬ ಇನ್ನೊಂದು ಕ್ಷುದ್ರಗ್ರಹವನ್ನು ಹಿಡಿದದ್ದು ಹೀಗೆಯೇ. ಒಂದು ಚುಕ್ಕೆ ಮಾತ್ರ ಜಾಗ ಬದಲಿಸಿದ್ದನ್ನು ಕಂಡ ಸಂತೋಷ ಇನ್ನೂ ಆರಿಲ್ಲ.

ಅರ್ಧ ಗಂಟೆಯಲ್ಲಿ ಎಲ್ಲವೂ ಮಂಕಾದರೆ ಮಸೂರದ ಮೇಲೆ ಇಬ್ಬನಿ ಕೂತಿರಬಹುದು. ನಿಮ್ಮದು ಕನ್ನಡಿಯ ದೂರದರ್ಶಕವಾದರೆ ಈ ತೊಂದರೆ ಕಡಿಮೆ. ಮಸೂರವನ್ನು ಒರೆಸಬೇಡಿ, ಕೊಳವೆಯ ತುದಿಗೆ ಕಪ್ಪು ರಟ್ಟು ಸುತ್ತಿ, ಒಂದು ಗೇಣು ಮುಂದಕ್ಕೆ ಚಾಚಿರಲಿ.